ಜಮಾದಾರನನ್ನು ಮನೆಗೆ ಕಳಿಸಿದ್ದು

ನಾಯಿ ಹಿಡಿಯುವವರಿಗೆ ಬಲೆ ಎಷ್ಟು ಮುಖ್ಯವೋ ಗಂಟಲೂ ಅಷ್ಟೇ ಮುಖ್ಯ. ನಮ್ಮ ವ್ಯಾನಿನಲ್ಲಿ ಬಲೆ ಯಂಕಣ್ಣನದು, ಗಂಟಲು ನನ್ನದು. ಹಸಿದ ಮರಿಯ ಕುಂಯ್‌ಗುಟ್ಟುವಿಕೆ, ಓಣಿಗೆ ಕಾಲಿಟ್ಟ ಹೊಸ ನಾಯಿಯ ಗುರ್, ರೊಟ್ಟಿ ಚೂರು ಹಾಕುವ ಮುದುಕಿಯ ತುಚ್‌ತುಚ್, ಎಲ್ಲ ನನಗೆ ಬರುತ್ತಿತ್ತು. ಸುರಪುರದ ಕಾಲೇಜಿನಲ್ಲಿ ಮೂರು ವರ್ಷ ನಾನು ಕಲಿತದ್ದು ಮೇಷ್ಟ್ರುಗಳ ದನಿ ಮಾತ್ರ. ಬೀದಿನಾಯಿಗಳ ಸಂತಾನ ತಡೆಯುವ ಕಾರ್ಯಕ್ರಮಕ್ಕೆ ಕಾಗದಪತ್ರದಲ್ಲಿ ಎ.ಬಿ.ಸಿ. ಎಂದು ಹೆಸರು. ಬಿ.ಎ. ಮುಗಿಸಿದ ಮೇಲೆ ಎ.ಬಿ.ಸಿ.ಗೆ ಸೇರಿದವನು ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು.

ಶಹಾಪುರದ ಹೊರಗೆ ಹತ್ತಿಯ ಹಳೆಯ ಗೋದಾಮೊಂದರಲ್ಲಿ ಡಾಕ್ಟರ್ ಭಗವಂತರಾಯರು ಆಪರೇಷನ್ ಮಾಡುತ್ತಿದ್ದರು. ಹುಚ್ಚುನಾಯಿ ರೋಗದ ಲಸಿಕೆ ಹಾಕಿ, ಅರಿವಳಿಕೆಯ ಮತ್ತು ಇಳಿಯುವ ಮೊದಲೇ ಕಿವಿಯಲ್ಲಿ ಗುರುತಿಗೊಂದು ಕಚ್ಚು ಮಾಡುತ್ತಿದ್ದರು. ಅವರದು ಒಂದೇ ಕಟ್ಟಳೆ. ನಾಯಿಯನ್ನು ಎಲ್ಲಿ ಹಿಡಿದೆವೋ ಅಲ್ಲೇ ಬಿಡಬೇಕು. ಹಿಡಿದ ಜಾಗ ಬರೆದ ಚೀಟಿ ಪಂಜರಕ್ಕೆ ಕಟ್ಟಿರುತ್ತಿತ್ತು.

ಸಗರಕ್ಕೆ ಹೋದಾಗ ಊರು ಸಿಟ್ಟಿನಲ್ಲಿತ್ತು. ಎಲ್ಲಿಂದಲೋ ಬಂದ ಹುಚ್ಚುನಾಯಿ ಕಚ್ಚಿ ಎಮ್ಮೆಗರುವೊಂದು ಸತ್ತಿತ್ತು. ಕರುವಿನ ಧಣಿ, ಅಂಗಡಿಯ ಜಗದೇವಪ್ಪ, ವಿಷದ ಉಂಡೆ ಕಟ್ಟಿ ಇಟ್ಟುಕೊಂಡಿದ್ದ.

"ಸೀತಾಪಹರಣ ಕೇಳೀವಿ, ದ್ರೌಪದಿ ವಸ್ತ್ರಾಪಹರಣ ನೋಡೀವಿ. ಈ ಸಂತಾನಹರಣ ಯಾವ ಆಟರಿ ಸಾಹೇಬ್ರ?" ಎಂದ. "ಒಂದು ವಾರ ಕೊಡ್ತೀನಿ. ಆಮ್ಯಾಲ ಕಿವಿ ಕತ್ತರಿಸದ ನಾಯಿ ಒಂದು ಕಂಡರೂ ಉಂಡಿ ಹಾಕಾವನೇ."

ಆರು ದಿನದಲ್ಲಿ ನಲವತ್ತೊಂದು ನಾಯಿ ಹಿಡಿದೆವು. ಉಳಿದದ್ದು ಜಮಾದಾರ.

ಜಮಾದಾರ ಕಾಲುವೆಯ ಗೇಟು ಕಾಯುತ್ತಿದ್ದ ಅಂಬ್ರಪ್ಪನ ನಾಯಿ. ಹಿಂದಿನ ವರ್ಷ ಗೇಟಿನ ಹಲಗೆ ಇಳಿಸುವಾಗ ಅಂಬ್ರಪ್ಪ ಜಾರಿ ನೀರಿಗೆ ಬಿದ್ದಿದ್ದ. ಮೂರನೆಯ ದಿನ ಎರಡು ಊರು ದಾಟಿ ಹೆಣ ಸಿಕ್ಕಿತು. ಆ ಮೂರು ದಿನವೂ ನಾಯಿ ದಂಡೆಗುಂಟ ಓಡಿತ್ತು. ಈಗ ಹಗಲೆಲ್ಲ ಕಾಲುವೆಯ ಜಾಲಿಪೊದೆಗಳಲ್ಲಿ ಅಲೆದು, ಕತ್ತಲಾದರೆ ಅವನ ಹೆಂಡತಿ ಮರಿಲಿಂಗಮ್ಮನ ಬಾಗಿಲಲ್ಲಿ ಮಲಗುತ್ತಿತ್ತು. ಆ ಮನೆಯಲ್ಲಿ ಇನ್ನೊಂದು ಜೀವವಿರಲಿಲ್ಲ. ವ್ಯಾನಿನ ಸದ್ದು ಕೇಳಿದರೆ ಸಾಕು, ಜಮಾದಾರ ಮಾಯ.

"ಅಂಬ್ರಪ್ಪನ ದನಿ ನನಗ ಬರ್ತದ್ರಿ," ಎಂದು ಡಾಕ್ಟರಿಗೆ ನಾನೇ ಹೇಳಿದೆ.

ಸುಳ್ಳಲ್ಲ. ಸಗರ ನನ್ನ ತಾಯಿಯ ತವರು. ಎರಡು ಹೊಲ ದಾಟಿ ಮುಟ್ಟುತ್ತಿದ್ದ ಅವನ ಕೂಗನ್ನು ಕಾಲೇಜಿನ ಗ್ಯಾದರಿಂಗಿನಲ್ಲಿ ಅನುಕರಿಸಿ ಸ್ಟೀಲಿನ ತಾಟು ಗೆದ್ದಿದ್ದೆ. ಒಮ್ಮೆ ಅವನೆದುರೇ ಮಾಡಿ ತೋರಿಸಿದ್ದೆ. ನಕ್ಕು ನಕ್ಕು ಬೀಡಿ ಕೆಮ್ಮು ಬಂದು, "ನೀಲಕಂಠಾ, ಜ್ವಾಕಿ. ನನ್ನ ದನಿ ನಿನ್ನ ಹಂತ್ಯಾಕ ಇಟ್ಟೀನಿ ಅಂತ ತಿಳಕೋ," ಎಂದಿದ್ದ.

ಏಳನೆಯ ದಿನ ಬೆಳಿಗ್ಗೆ ವ್ಯಾನನ್ನು ದೂರ ನಿಲ್ಲಿಸಿ ಗೇಟಿನ ಬಳಿ ಹೋದೆವು. ಕಾಲುವೆ ತುಂಬಿ ಹರಿಯುತ್ತಿತ್ತು. ಯಂಕಣ್ಣ ಬಲೆ ಹಿಡಿದು ಗೋಡೆಯ ಹಿಂದೆ ಕೂತ. ನಾನು ನೀರಿಗೆ ಬೆನ್ನು ಮಾಡಿ, ಅಂಗೈ ಬಾಯಿಗೊಡ್ಡಿ ಕೂಗಿದೆ.

"ಏ ಜಮಾದಾರಾ... ಬಾರಲೇ ಹುಜೂರ್..."

ಜಾಲಿ ಅಲುಗಿತು. ನಾಯಿ ಬಾಣದ ಹಾಗೆ ಬಂತು. ನನ್ನ ಕಾಲ ಹತ್ತಿರ ನಿಲ್ಲುತ್ತದೆ ಎಂದುಕೊಂಡಿದ್ದೆ. ನಿಲ್ಲಲಿಲ್ಲ. ನಾನೊಂದು ಕಂಬವೇನೋ ಎಂಬಂತೆ ಸುತ್ತಿ ದಾಟಿ, ನೀರಿನಂಚಿಗೆ ಹೋಗಿ, ನನ್ನ ಬೆನ್ನ ಹಿಂದೆ ಯಾರೋ ಇದ್ದಂತೆ ಆ ಕಡೆ ನೋಡಿ ಬಾಲ ಅಲ್ಲಾಡಿಸಿತು. ಕುಂಯ್ ಎಂದಿತು. ಬಲೆ ಬಿದ್ದಾಗಲೂ ಮುಖ ತಿರುಗಿಸಲಿಲ್ಲ.

ವ್ಯಾನಿಗೆ ಹತ್ತಿಸಿ ಯಂಕಣ್ಣ ಪಂಜರದ ಚಿಲಕ ಹಾಕಿದ. "ಇನ್ನೊಮ್ಮಿ ಆ ದನಿ ತಗೀಬ್ಯಾಡ ನೀಲಕಂಠ," ಎಂದ. ನಾನು ಹಾಸ್ಯ ಮಾಡಲು ಬಾಯಿ ತೆರೆದೆ. ಬಂದದ್ದು ಬೀಡಿ ಕೆಮ್ಮು. ನಾನು ಬೀಡಿ ಸೇದುವವನಲ್ಲ.

ಆಪರೇಷನ್ ಆಯಿತು, ಲಸಿಕೆಯಾಯಿತು. ಊರಲ್ಲಿ ಕಿವಿ ಕತ್ತರಿಸದ ನಾಯಿ ಇನ್ನಿಲ್ಲವೆಂದು ಜಗದೇವಪ್ಪ ಉಂಡೆಗಳನ್ನು ಹೂಳಿಸಿದ. ಐದನೆಯ ದಿನ ಬಿಡುವ ಸರದಿ. ಚೀಟಿಯಲ್ಲಿ ನನ್ನದೇ ಅಕ್ಷರ: ಸಗರ, ಕಾಲುವೆ ಗೇಟು. ಗೇಟಿನ ಹತ್ತಿರವೇ ಬಿಟ್ಟು ಬಂದೆವು. ಹಿಡಿದ ಜಾಗ ಅದೇ. ಅದರ ಮನೆ ಬೇರೆ ಎನ್ನುವುದು ಇಬ್ಬರಿಗೂ ಗೊತ್ತಿತ್ತು, ಇಬ್ಬರೂ ಚೀಟಿ ನೋಡಿದೆವು.

ಮತ್ತೆ ನಾಲ್ಕು ದಿನಕ್ಕೆ ಮರಿಲಿಂಗಮ್ಮ ಬಸ್ಸಿನಲ್ಲಿ ಗೋದಾಮಿಗೆ ಬಂದಳು. ಕೂರು ಎಂದರೆ ಕೂರಲಿಲ್ಲ.

"ಜಮಾದಾರ ಗೇಟ್ ಬಿಟ್ಟು ಏಳವಲ್ದು ತಮ್ಮಾ. ನಾಕು ದಿನ ಆತು, ತುತ್ತು ಮುಟ್ಟಿಲ್ಲ. ಹಗ್ಗ ಕಟ್ಟಿ ಎಳಕೊಂಡು ಹೋದೆ, ಕಡಕೊಂಡು ಬಂತು. ನಿನ್ನಿ ಎರಡು ಮೆಟ್ಟಲ ನೀರಿನ್ಯಾಗ ಇಳದಿತ್ತು."

"ಹೊಲಿಗಿ ನೋಯ್ತಿರಬೇಕು ಯವ್ವಾ. ಡಾಕ್ಟರಿಗೆ..."

"ಹೊಲಿಗಿ ಅಲ್ಲ. ನೀ ಕರದೀ." ಅವಳ ದನಿ ಏರಲಿಲ್ಲ. "ಅವನ ಗಂಟಲಿಂದ ಕರದೀ. ಕರದಾಂವ ಕಾಣವಲ್ಲ ಅಂತ ಕಾಯಾಕತ್ತದ. ನನಗೂ ಕೇಳಿತ್ತು. ರೊಟ್ಟಿ ಬಡಿಯಾಕತ್ತಿದ್ದೆ. ಎರಡು ಹೆಚ್ಚಿಗಿ ಬಡದೆ."

ನಾನು ಜಮಾದಾರನ ಖಾಲಿ ಪಂಜರದ ಚೀಟಿ ಬಿಚ್ಚಿದೆ.

ಡಾಕ್ಟರು ಪರದೆಯಾಚೆ ಕೈ ತೊಳೆಯುತ್ತಿದ್ದರು. ಅಲ್ಲಿಂದಲೇ ಹೇಳಿದರು: "ಇನ್ನೆರಡು ದಿನ ಹಿಂಗೇ ಇದ್ದರ ಉಳಿಯೂದಿಲ್ಲ. ನೀ ಹಿಡದ ನಾಯಿ. ನೀನೇ ಎಬ್ಬಸು."

ಅವಳನ್ನೂ ಕರೆದುಕೊಂಡು ನಡುಮಧ್ಯಾಹ್ನಕ್ಕೆ ಗೇಟಿಗೆ ಹೋದೆವು. ಜಮಾದಾರನ ಪಕ್ಕೆಲುಬು ಎಣಿಸಬಹುದಿತ್ತು. ಕೆಳಗಿನ ಮೆಟ್ಟಿಲಲ್ಲಿ ಕೂತಿತ್ತು, ಮುಂಗಾಲಿಗೆ ನೀರು ತಾಗುತ್ತಿತ್ತು.

"ಮತ್ತ ಕರಿಬೇಕೇನು ಯವ್ವಾ?"

"ಕರದಿದ್ದು ಸಾಕು. ಅಂವ ಕರಿಯೂದು ಊರಿಗೇ ಗೊತ್ತು. ಕಳಿಸೂದು ನನಗೊಬ್ಬಾಕಿಗೆ ಗೊತ್ತು." ಅವಳು ಸೆರಗು ಬಾಯಿಗೆ ಹಿಡಿದು ಹೇಳಿಕೊಟ್ಟಳು. "ಕೆಲಸದ ಮ್ಯಾಲ ಬಂದಾಗ ಜಮಾದಾರನ್ನ ಇಲ್ಲಿಂದ ತಿರುಗಿ ಕಳಿಸ್ತಿದ್ದ. ಸಣ್ಣ ದನಿ. 'ನಡಿ ಮಗನ, ಮನಿಗಿ ನಡಿ. ಗೇಟ್ ಇಳಿಸಿ ಬರ್ತೀನಿ.'"

ನಾನು ಹೇಳಿದೆ. ನಾಯಿಯ ಕಿವಿ, ಕಚ್ಚು ಮಾಡಿದ್ದು, ಒಂದಿಷ್ಟು ಅಲುಗಿತು.

"ಅಷ್ಟು ಚಂದ ಬ್ಯಾಡ," ಎಂದಳು. "ನಾಟಕ ಆಡಿದಂಗ ಆತು. ಅಂವಗ ಕೆಲಸದ ಅವಸರ ಇರ್ತಿತ್ತು. ಸಿಟ್ಟು ಇರ್ತಿರಲಿಲ್ಲ."

ಮತ್ತೊಮ್ಮೆ ಹೇಳಿದೆ. ಅವಳು ಅಲ್ಲವೆಂದು ತಲೆಯಾಡಿಸಿದಳು. "'ಮಗನ' ಅನ್ನಾಗ ಉಸಿರು ಬಿಡು."

ಮೂರನೆಯ ಸಲ ಹೇಗೆ ಹೇಳಿದೆನೋ ತಿಳಿಯದು. ಕಲಿತ ಹಾಗೆ ಅನ್ನಿಸಲಿಲ್ಲ. ನನ್ನ ಹತ್ತಿರ ಇಟ್ಟಿದ್ದನ್ನು ಯಾರೋ ಕೇಳಿ ಎತ್ತಿಕೊಂಡ ಹಾಗಿತ್ತು.

"ನಡಿ ಮಗನ. ಮನಿಗಿ ನಡಿ. ಗೇಟ್ ಇಳಿಸಿ ಬರ್ತೀನಿ."

ಜಮಾದಾರ ಎದ್ದಿತು. ಮೈ ಕೊಡವಿತು. ಒಮ್ಮೆ ನೀರು ನೋಡಿ, ಮೆಟ್ಟಿಲು ಹತ್ತಿ, ಹೊಲದ ದಾರಿ ಹಿಡಿಯಿತು. ನಾನು ಮರಿಲಿಂಗಮ್ಮನ ಕಡೆ ತಿರುಗಿದೆ. ಹೇಗಿತ್ತು ಎಂದು ಕೇಳುವ ಹಾಳು ಚಾಳಿ ನನ್ನದು. ಅವಳು ಆಗಲೇ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ನನ್ನ ಮುಖ ನೋಡದೆ, ಹೇಳಿದ ಮಾತು ಕೇಳಿದವಳ ಹಾಗೆ ನಾಯಿಯ ಹಿಂದೆ ಹೊರಟಿದ್ದಳು.

ಜಮಾದಾರ ಅಂದೇ ಉಂಡಿತು, ಬದುಕಿತು. ನಾನು ಮಾತ್ರ ಆಮೇಲೆ ಯಾರ ದನಿಯನ್ನೂ ಮಾಡಲಿಲ್ಲ. ಮರಿಯ ಕುಂಯ್ ಅನ್ನಲು ಹೋದರೂ ಗಂಟಲಿನಲ್ಲಿ ಮೊದಲು ಬೀಡಿ ಕೆಮ್ಮು ಏಳುತ್ತಿತ್ತು. ನಾಯಿಗಳನ್ನು ರೊಟ್ಟಿ ತೋರಿಸಿ ಕರೆದೆ, ನಿಧಾನವಾಗಿ.

ವರ್ಷ ಕಳೆದು ಮತ್ತೆ ಲಸಿಕೆ ಹಾಕಲು ಸಗರಕ್ಕೆ ಹೋದೆವು. ಜಮಾದಾರ ಮರಿಲಿಂಗಮ್ಮನ ಬಾಗಿಲಲ್ಲಿ ಕಾಲುವೆಗೆ ಮುಖಮಾಡಿ ಕೂತಿತ್ತು. ವ್ಯಾನು ಕಂಡು ಓಡಲಿಲ್ಲ. ಡಾಕ್ಟರು ಸೂಜಿ ಚುಚ್ಚುವಾಗಲೂ ನನ್ನ ಹೆಗಲಾಚೆ ನೋಡುತ್ತಿತ್ತು. ಒಳಗೆ ಒಲೆಯ ಹತ್ತಿರ ತೊಳೆದು ಬೋರಲು ಹಾಕಿದ ಎರಡು ತಾಟು ಇದ್ದವು.

ಮರಿಲಿಂಗಮ್ಮ ಹೊರಗೆ ಬಂದು ಚೌಕಟ್ಟಿಗೆ ಒರಗಿ ನಿಂತಳು. ಅವಳೂ ನನ್ನ ಹೆಗಲಾಚೆಯೇ ನೋಡಿದಳು.

"ಗೇಟ್ ಇಳಸೂದು ಇನ್ನಾ ಮುಗದಿಲ್ಲೇನು?"

ನಕ್ಕಳೋ ಇಲ್ಲವೋ, ಸೆರಗಿನಲ್ಲಿ ಕಾಣಲಿಲ್ಲ. ಏನಾದರೂ ಹೇಳಲೇಬೇಕಿತ್ತು.

"ಇನ್ನಾ ನೀರದಾವ," ಎಂದೆ.

ನನ್ನ ದನಿಯಲ್ಲೇ ಹೇಳಿದೆ ಎಂದುಕೊಂಡಿದ್ದೆ. ಜಮಾದಾರ ಬಾಲ ಅಲ್ಲಾಡಿಸಿತು.