ಮೂಸಿದ ಮಲ್ಲಿಗೆ

ಮೈಸೂರಿನವರ ಮರ್ಯಾದೆ ದೊಡ್ಡದು, ಒಪ್ಪಿಕೊಳ್ಳೋಣ. ಆದರೆ ಆ ಮರ್ಯಾದೆಯೇ ಒಬ್ಬ ಹುಡುಗಿಯನ್ನು ಇಡೀ ದಿನ ಗೋಳು ಹೊಯ್ದುಕೊಂಡಿತು ಎಂದರೆ ಊರಿನವರು ನಂಬಲಿಕ್ಕಿಲ್ಲ. ಹುಡುಗಿಯ ಹೆಸರು ಮಾರ್ಲೀನ್. ಜರ್ಮನಿಯಿಂದ ಪ್ರವಾಸ ಬಂದಿದ್ದ ವಿದ್ಯಾರ್ಥಿಗಳ ತಂಡದಲ್ಲಿ ಕನ್ನಡ ಬಲ್ಲವಳು ಅವಳೊಬ್ಬಳೇ. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುವ ಚಂದ್ರಮೌಳಿ ಮೇಷ್ಟ್ರ ಹತ್ತಿರ ಎರಡು ವರ್ಷ ಕೂತು, ಒತ್ತಕ್ಷರಗಳ ಜೊತೆ ಗುದ್ದಾಡಿ ಕಲಿತಿದ್ದಳು. "ಈ ಭಾಷೆ ಕಲಿತು ಯಾರ ಜೊತೆ ಮಾತಾಡ್ತೀಯ?" ಎಂದು ಅವಳ ಅಮ್ಮ ಕೇಳಿದಾಗ, "ಮೈಸೂರಿನವರ ಜೊತೆ" ಎಂದು ಜಂಬದಿಂದ ಹೇಳಿದ್ದಳು.

ಮೈಸೂರಿನಲ್ಲಿ ಅದು ಅವರ ಕೊನೆಯ ದಿನ. ಬೆಳಿಗ್ಗೆ ಬಸ್ಸು ಹತ್ತುವಾಗ, ತಂಡದ ಜೊತೆ ಬಂದಿದ್ದ ಮೇಷ್ಟ್ರು, "ಮುಂದಿನ ವರ್ಷಕ್ಕೂ ಕನ್ನಡವೋ, ಇಲ್ಲಾ ಬೇರೆ ಭಾಷೆಯೋ, ಸಂಜೆಯೊಳಗೆ ಹೇಳ್ಬುಡಮ್ಮ. ಹೆಸರು ಕಳಿಸಬೇಕು" ಎಂದಿದ್ದರು. ಮಾರ್ಲೀನ್ ಮನಸ್ಸಿನಲ್ಲೇ ಒಂದು ಪಂದ್ಯ ಕಟ್ಟಿಕೊಂಡಳು. ಇವತ್ತು ಒಬ್ಬರಾದರೂ, ಒಂದು ಲೋಟ ಕಾಫಿ ಕುಡಿಯುವಷ್ಟು ಹೊತ್ತು, ತನ್ನ ಜೊತೆ ಕನ್ನಡದಲ್ಲಿ ಮಾತಾಡಿದರೆ ಕನ್ನಡ. ಇಲ್ಲದಿದ್ದರೆ ಕನ್ನಡಕ್ಕೆ ದೊಡ್ಡ ನಮಸ್ಕಾರ. ಮೇಷ್ಟ್ರು ಪಕ್ಕದಲ್ಲಿದ್ದರೆ ಜನ ಅವರನ್ನೇ ಮಾತಾಡಿಸುತ್ತಾರೆಂದು ಬೇಕೆಂದೇ ಅವರಿಂದ ದೂರ ಉಳಿದಳು.

ಅರಮನೆಯ ಬಾಗಿಲಲ್ಲಿ, "ನನ್ನ ಪಾದರಕ್ಷೆಗಳನ್ನು ಇಲ್ಲಿ ಇಡಬಹುದೇ?" ಎಂದು ಕೇಳಿದಳು. ಚಪ್ಪಲಿ ಕಾಯುವವನು ಎದ್ದು ನಿಂತು, "ಎಸ್ ಮೇಡಂ, ಕೀಪ್ ಹಿಯರ್ ಮೇಡಂ" ಎಂದ. ಬೆಟ್ಟದ ಮೇಲೆ ಎಳನೀರಿನವನಿಗೆ, "ತೆಳುವಾದ ಗಂಜಿಯಿರುವ ಒಂದನ್ನು ಕೊಡಿ" ಎಂದು ಕನ್ನಡದಲ್ಲಿ ಕೇಳಿದರೆ, ಅವನು ಇರುವ ನಾಲ್ಕು ಇಂಗ್ಲಿಷ್ ಪದಗಳನ್ನು ಗುಡ್ಡೆ ಹಾಕಿಕೊಂಡು ಒದ್ದಾಡಿದನೇ ಹೊರತು ಕನ್ನಡ ಬಾಯಿಗೆ ತರಲಿಲ್ಲ. ಅಲ್ಲೇ ಇದ್ದ ಕಾಲೇಜು ಹುಡುಗಿಯರಂತೂ "ನಿಮ್ಮ ಕನ್ನಡ ಸೂಪರ್" ಎಂದು ಕುಣಿದಾಡಿ, ಸೆಲ್ಫಿ ತೆಗೆದುಕೊಂಡು, ಮಿಕ್ಕಿದ್ದೆಲ್ಲ ಇಂಗ್ಲಿಷಿನಲ್ಲಿ ಹೇಳಿ ಹೋದರು. ಯಾರಲ್ಲೂ ಕೆಟ್ಟತನ ಇರಲಿಲ್ಲ. ಬಂದವರಿಗೆ ಕಷ್ಟ ಆಗಬಾರದು ಎಂಬ ಕಾಳಜಿ, ಅಷ್ಟೆ. ನಮ್ಮ ಜನ ಅತಿಥಿಗೆ ಕುರ್ಚಿ ಬಿಟ್ಟುಕೊಡುವ ಹಾಗೆ ಭಾಷೆಯನ್ನೂ ಬಿಟ್ಟುಕೊಡುತ್ತಾರೆ. ಕೂತವರಿಗೆ ಸುಖವೋ ಇಲ್ಲವೋ ಎಂದು ಯಾರೂ ಕೇಳುವುದಿಲ್ಲ.

ಊರೇನೋ ಅವಳಿಗೆ ಬಹಳ ಹಿಡಿಸಿತ್ತು. ಬೆಟ್ಟದ ಗಾಳಿ, ಮಧ್ಯಾಹ್ನ ತಿಂದ ದೋಸೆ, ಸಾಲುಮರದ ರಸ್ತೆಗಳು, ಎಲ್ಲದರಲ್ಲೂ ಸಂತೋಷಪಟ್ಟಳು. ಆದರೂ ದೇವರಾಜ ಮಾರುಕಟ್ಟೆಗೆ ಬರುವ ಹೊತ್ತಿಗೆ ಒಳಗೆ ಒಂದು ಬೇಸರ ಕೂತುಬಿಟ್ಟಿತ್ತು. ಇಲ್ಲಿಂದ ನೇರ ರೈಲ್ವೆ ಸ್ಟೇಷನ್ನಿಗೆ ಹೋಗುವುದಿತ್ತು. ಪಂದ್ಯ ಸೋತ ಹಾಗೆಯೇ.

ಹೂವಿನ ಸಾಲಿನಲ್ಲಿ ಲಿಂಗಯ್ಯ ಎಂಬ ವ್ಯಾಪಾರಿ ಮೊಳಕೈಯಲ್ಲಿ ಮಲ್ಲಿಗೆ ಅಳೆದು, ಬಾಳೆ ಎಲೆಯ ಮೇಲೆ ಇಟ್ಟಿದ್ದ. ಕೊಂಡಿದ್ದ ಹೆಂಗಸು ಚೀಲದ ಬಾಯಿ ಬಿಡಿಸುತ್ತಿದ್ದರು. ಮಾರ್ಲೀನ್‌ಗೆ ಆ ಪರಿಮಳ ತಡೆಯಲಾಗಲಿಲ್ಲ. ಬಗ್ಗಿ, ಹೂವಿನೊಳಗೆ ಮೂಗಿಟ್ಟು, ಕಣ್ಣುಮುಚ್ಚಿ, ಎದೆ ತುಂಬ ಉಸಿರೆಳೆದುಕೊಂಡಳು.

"ಅಯ್ಯೋ, ಏನ್ ಮಾಡ್ಬುಟ್ಟೆ ನೀನು?"

ಕಣ್ಣು ಬಿಟ್ಟರೆ ಆ ಹೆಂಗಸು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಾರೆ. ಕೃಷ್ಣಮೂರ್ತಿಪುರಂನ ಸುಮಿತ್ರಮ್ಮ. ಶುಕ್ರವಾರದ ಪೂಜೆಗೆ ಹೂವು ಒಯ್ಯಲು ಬಂದವರು.

"ದೇವ್ರಿಗೆ ಅಂತ ತಗೊಂಡಿದ್ದು ಕಣೇ. ಮೂಸಿದ ಹೂವ ದೇವ್ರಿಗೆ ಮುಡಿಸಕ್ಕಾಗತ್ತಾ? ಅಷ್ಟೂ ಗೊತ್ತಾಗಲ್ವಾ?"

"ನೋ ಪ್ರಾಬ್ಲಂ ಮೇಡಂ" ಎಂದು ಲಿಂಗಯ್ಯ ಮಾರ್ಲೀನ್‌ಗೆ ಸಮಾಧಾನ ಹೇಳಲು ಬಂದ.

"ನೀನ್ ಸುಮ್ನಿರು ಲಿಂಗಯ್ಯ. ಪ್ರಾಬ್ಲಂ ನಂದು" ಎಂದರು ಸುಮಿತ್ರಮ್ಮ.

ಮಾರ್ಲೀನ್ ಮುಖ ಕೆಂಪಾಯಿತು. "ಕ್ಷಮಿಸಿ ಅಮ್ಮ. ಈ ಪದ್ಧತಿ ನನಗೆ ತಿಳಿದಿರಲಿಲ್ಲ."

"ತಿಳೀದಿದ್ರೆ ಕೇಳ್ಬೇಕು. ದೇವ್ರು ಬಾಯಿ ಕೊಟ್ಟಿಲ್ವಾ?"

ಈ ಮಾತು ಚುಚ್ಚಿತು. "ಬೆಳಿಗ್ಗೆಯಿಂದ ಎಲ್ಲರನ್ನೂ ಕೇಳುತ್ತಲೇ ಇದ್ದೇನೆ. ನನಗೆ ಯಾರೂ ಕನ್ನಡದಲ್ಲಿ ಉತ್ತರ ಕೊಡುವುದಿಲ್ಲ" ಎಂದಳು.

"ಅವ್ರು ಕೊಡದಿದ್ರೆ ನನ್ನ ಹೂವು ಮೂಸ್ತೀಯಾ?" ಸುಮಿತ್ರಮ್ಮ ಪಟ್ಟು ಬಿಡುವವರಲ್ಲ. "ಮನೇಲಿ ದೊಡ್ಡೋರಿಗೆ ಬಡಿಸೋಕ್ಮುಂಚೆ ಪಾತ್ರೆಗೆ ಬಾಯಿ ಹಾಕ್ತೀಯಾ? ಹಂಗೇ ಇದೂನೂವೆ. ಮೊದಲು ದೇವ್ರಿಗೆ, ಆಮೇಲೆ ನಮಗೆ."

"ಆದರೆ ಇವರು ಹೂವು ಕಟ್ಟುವಾಗ ಪರಿಮಳ ಇವರ ಮೂಗಿಗೆ ಹೋಗುವುದಿಲ್ಲವೇ?" ಎಂದು ಮಾರ್ಲೀನ್ ಲಿಂಗಯ್ಯನ ಕಡೆ ತೋರಿಸಿದಳು.

ತನ್ನ ಕಸುಬಿಗೇ ಕೈಯಿಟ್ಟ ಮೇಲೆ ಲಿಂಗಯ್ಯ ಇಂಗ್ಲಿಷನ್ನು ಮರೆತೇಬಿಟ್ಟ. "ತಾನಾಗೇ ಬಂದ್ರೆ ಅದೇನ್ ತಪ್ಪಲ್ಲ ಕಣವ್ವ. ಬೇಕೂಂತ ಎಳ್ಕೊಂಡ್ರೆ ತಪ್ಪು" ಎಂದ.

"ಹಾಗಾದರೆ ಮನಸ್ಸು ಮುಖ್ಯ, ಮೂಗಲ್ಲ."

"ವಾದ ಮಾಡ್ತಾಳೆ ನೋಡು" ಎಂದರು ಸುಮಿತ್ರಮ್ಮ. ಆದರೆ ದನಿಯಲ್ಲಿದ್ದ ಬಿಸಿ ಇಳಿದಿತ್ತು. "ಇನ್ನೆರಡು ಮೊಳ ಅಳೆ ಲಿಂಗಯ್ಯ. ಇದು ದೇವ್ರಿಗಂತೂ ಆಗಲ್ಲ, ಇವಳ ತಲೆಗಾದ್ರೂ ಆಗ್ಲಿ. ತಿರುಗ್ಕೋ ಅತ್ಲಾಗೆ."

ಮಾರ್ಲೀನ್ ತಿರುಗಿ ನಿಂತಳು. ಹಿಂದಿನಿಂದ ಹೊಸದಾಗಿ ಬೈಗುಳ ಶುರುವಾಯಿತು. "ಇದೇನಿದು, ಕೂದ್ಲೇ ಇಲ್ವಲ್ಲ. ಯಾಕಿಂಗ್ ಕತ್ತರಿಸ್ಕೊಂಡಿದೀಯ? ನಿಮ್ಮಮ್ಮ ಏನೂ ಅನ್ನಲಿಲ್ವಾ?"

"ಅಂದರು. ನಾನು ಅವರ ಮಾತು ಕೇಳಲಿಲ್ಲ."

"ಅದೇ ಅಂದ್ಕೊಂಡೆ. ಅಲ್ಲಾಡ್ಬೇಡ."

ಸುಮಿತ್ರಮ್ಮ ತಮ್ಮ ತುರುಬಿನಿಂದಲೇ ಒಂದು ಪಿನ್ನು ಕಿತ್ತು, ಹೂವನ್ನು ಹೇಗೋ ಸಿಕ್ಕಿಸಿದರು. ಅದು ಜಾರಿತು, ಮತ್ತೆ ಸಿಕ್ಕಿಸಿದರು. ಅಷ್ಟರಲ್ಲಿ ಊಟ ಆಯಿತೇ, ಅನ್ನ ತಿನ್ನಲು ಬರುತ್ತದೆಯೇ, ಇಷ್ಟು ಸಣ್ಣಗೆ ಯಾಕಿದ್ದೀಯ ಎಂದೆಲ್ಲ ವಿಚಾರಣೆ ನಡೆಯಿತು. ಮಾರ್ಲೀನ್ ಒಂದೊಂದಕ್ಕೂ ಉತ್ತರ ಕೊಟ್ಟಳು. ಕೆಲವು ಮಾತು ಅರ್ಥವಾಗಲಿಲ್ಲ, ಮತ್ತೊಮ್ಮೆ ಹೇಳಿ ಎಂದಳು. ಸುಮಿತ್ರಮ್ಮ ಇನ್ನೂ ಜೋರಾಗಿ, ಕನ್ನಡದಲ್ಲೇ ಹೇಳಿದರು. ಆ ಹೊತ್ತಿಗೆ ಕಾಫಿಯೇನು, ಒಂದು ಊಟವೇ ಮುಗಿಯುತ್ತಿತ್ತು. ಪಂದ್ಯ ಕಟ್ಟಿದ್ದೇ ಅವಳಿಗೆ ನೆನಪಿರಲಿಲ್ಲ. ಖುಷಿ ಮಾತ್ರ ಉಕ್ಕಿ ಬರುತ್ತಿತ್ತು.

ಬಸ್ಸಿನ ಹಾರನ್ ಕೇಳಿ ಓಡಿಬಂದವಳ ತಲೆಯಲ್ಲಿ ಹೂವು ವಾಲಾಡುತ್ತಿದ್ದುದನ್ನು ಕಂಡು ಚಂದ್ರಮೌಳಿ ಮೇಷ್ಟ್ರು ನಕ್ಕರು. "ಏನಮ್ಮ, ಕೊನೆಗೂ ಯಾರೋ ನಿನ್ನ ಕನ್ನಡ ಮೆಚ್ಕೊಂಡಂಗಿದೆ?"

ಮಾರ್ಲೀನ್ ಸೀಟಿನಲ್ಲಿ ಕೂತು ನೆನಪಿಸಿಕೊಂಡಳು. ಸುಮಿತ್ರಮ್ಮ ಯಾವ ದೇಶ ಎಂದು ಕೇಳಿರಲಿಲ್ಲ. ಕನ್ನಡ ಎಲ್ಲಿ ಕಲಿತೆ ಎಂದೂ ಕೇಳಿರಲಿಲ್ಲ.

"ಇಲ್ಲ ಸರ್, ಚೆನ್ನಾಗಿ ಬೈದರು" ಎಂದಳು. "ನನ್ನ ಹೆಸರು ಕನ್ನಡಕ್ಕೇ ಕಳಿಸಿ."