ಸೋಮಪ್ಪ ಸರಿ ಮಾಡಿದ ಚೆಂಡು

೧೯೯೮ರ ದೀಪಾವಳಿ ಮುಗಿದ ವಾರ ಕೃಷ್ಣಾಜಿ ಕುಲಕರ್ಣಿಯವರು ಪುಣೆಯಿಂದ ಒಂದು ಮರದ ಪೆಟ್ಟಿಗೆ ತಂದು ಬೈಲಹೊಂಗಲದ ನಮ್ಮ ಕ್ಲಬ್ಬಿನ ಕಟ್ಟೆಯ ಮೇಲೆ ಇಳಿಸಿದರು. ಅವರು ನೌಕರಿ ಮಾಡುತ್ತಿದ್ದ ಜಿಮಖಾನಾ ಮುಚ್ಚಿದಾಗ ಅವರ ಪಾಲಿಗೆ ಬಂದದ್ದು. ಒಳಗೆ ಚೆಂಡನ್ನು ಮರದ ಸುತ್ತಿಗೆಯಿಂದ ಹೊಡೆದು ಕಮಾನಿನಡಿ ದಾಟಿಸುವ ಕ್ರೋಕೆ ಆಟದ ನಾಲ್ಕು ಕೊಡತಿ, ಬಣ್ಣದ ಚೆಂಡು, ತಂತಿಯ ಕಮಾನುಗಳಿದ್ದವು. ಜೊತೆಗೆ ಲಾನ್ ಬೌಲಿಂಗಿನ ಎಂಟು ಕರಿ ಚೆಂಡು. ಕರಿ ಚೆಂಡುಗಳನ್ನು ಉರುಳಿಸಿ ಒಂದು ಬಿಳಿ ಚೆಂಡಿನ ಹತ್ತಿರ ನಿಲ್ಲಿಸುವುದು ಆಟ. ಆ ಬಿಳಿ ಚೆಂಡೇ ಕಳೆದುಹೋಗಿತ್ತು. ಕ್ರೋಕೆಗೆ ಅಂಟಿಕೊಂಡಿದ್ದ ಬ್ಯಾಂಕ್ ನೌಕರರು ಬಣ್ಣದ ಚೆಂಡುಗಳನ್ನು ಬಿಟ್ಟುಕೊಡಲಿಲ್ಲವಾದ್ದರಿಂದ ನಾವು ಗುರಿಗೆ ನಿಂಬೆಹಣ್ಣು ಇಟ್ಟೆವು. ಯಾರದೋ ಕಣದಿಂದ ರೋಣಗಲ್ಲು ತರಿಸಿ ಕರಕಿ ಹುಲ್ಲಿನ ಮೇಲೆ ನಾಲ್ಕು ದಿನ ಎಳೆಸಿ ನೆಲ ಮಟ್ಟ ಮಾಡಿದೆವು.

ನನ್ನ ನೆರೆಯ ಸೋಮಪ್ಪ ಮಾರ್ಕೆಟ್ಟಿನಲ್ಲಿ ಮೂವತ್ತು ವರ್ಷ ತೂಕ ಮಾಡಿದವರು. ಹಿಂದಿನ ವರ್ಷ ಲಕ್ವಾ ಹೊಡೆದು ಬಲಗೈ ಸೋತಿತ್ತು. ಬಾಗಿಲಲ್ಲಿ ದನಿ ಕೇಳಿದರೆ ಒಳಗೆ ಹೋಗಿ ಕೂರುತ್ತಿದ್ದರು. ಅವರನ್ನು ಕ್ಲಬ್ಬಿಗೆ ಕರೆತರಲು ನನಗೆ ಒಂದು ತಿಂಗಳು ಹಿಡಿಯಿತು.

"ಮಾಸ್ತರ, ಕೊಡತಿಗೆ ಎರಡೂ ಕೈ ಬೇಕಲ್ರಿ," ಅಂದರು.

"ಕರಿ ಚೆಂಡಿಗೆ ಒಂದ ಸಾಕ್ರಿ."

ಎಡಗೈಯಿಂದ ಉರುಳಿಸಿದರು. ನೇರ ಹೊರಟ ಚೆಂಡು ವೇಗ ತಗ್ಗುತ್ತಲೇ ಪಕ್ಕಕ್ಕೆ ಹೊರಳಿತು.

"ಸೋಮಪ್ಪಣ್ಣಾ, ನಿಮ್ಮ ಚೆಂಡು ಬಸ್ ಸ್ಟ್ಯಾಂಡಿಗೆ ಹೊಂಟೈತ್ರಿ!" ಎಂದು ಬ್ಯಾಂಕಿನ ಕಲ್ಮೇಶ ನಕ್ಕ.

ಈ ಚೆಂಡಿನ ಒಂದು ಮಗ್ಗಲು ಬೇಕೆಂದೇ ಹೆಚ್ಚು ಉಬ್ಬಿರುತ್ತದೆ. ಹಾಗಾಗಿ ಅದು ಬಾಗಿ ಸಾಗುತ್ತದೆ. ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ನಾನು ಇದನ್ನು ಆಗಲೇ ಹೇಳಬೇಕಿತ್ತು. ಎಲ್ಲರಿಗೂ ಗೊತ್ತಿರುತ್ತದೆಂದು ಸುಮ್ಮನಿದ್ದೆ. ಸೋಮಪ್ಪ ರೂಢಿ ಮಾಡಿಕೊಳ್ಳುತ್ತೇನೆಂದು ಒಂದು ಚೆಂಡನ್ನು ಮನೆಗೆ ಒಯ್ದರು.

ಎರಡು ವಾರದ ಮೇಲೆ ತಾವಾಗಿಯೇ ಬಂದರು. ಹೆಂಡತಿ ಗುರುಬಸವ್ವ ಜೊತೆಗಿದ್ದರು.

"ಕುಲಕರ್ಣಿಯವರ, ಇದು ಖೋಟಾ ಇತ್ರಿ. ಒಂದ ಮಗ್ಗಲಾ ಜಗ್ಗತಿತ್ತು. ತಕ್ಕಡಿ ಹಿಡದ ಕೈ ನಂದು, ಸುಮ್ಮನ ಬಿಡೂದ ಆಗಲಿಲ್ಲ. ಸರಿ ಮಾಡೇನಿ."

ಉರುಳಿಸಿದರು. ಚೆಂಡು ದಾರ ಹಿಡಿದಂತೆ ನೆಟ್ಟಗೆ ಹೋಯಿತು. ಉಬ್ಬನ್ನು ಅರದಿಂದ ತೀಡಿ ತೀಡಿ ಸುತ್ತಲೂ ಒಂದೇ ಸಮ ಮಾಡಿದ್ದರು.

ಕೃಷ್ಣಾಜಿ ಅದನ್ನೆತ್ತಿಕೊಂಡು ತಿರುಗಿಸಿ ನೋಡಿದರು. "ಅರೇ ದೇವಾ! ಸೋಮಪ್ಪನವರ, ಆ ಜಗ್ಗೂದನ ಆಟರಿ!"

ಸೋಮಪ್ಪ ನನ್ನ ಮುಖ ನೋಡಿದರು. "ತಪ್ಪು ನಂದ್ರಿ. ನಾ ಹೇಳಬೇಕಿತ್ತು," ಅಂದೆ.

"ನಡೀರಿ ಮಾಸ್ತರ, ಮನಿಗೆ ಬಿಟ್ಟ ಬರ್ರಿ."

ಈಗ ಒಳಗೆ ಹೋದರೆ ಇವರು ಮತ್ತೆ ಹೊರಗೆ ಬರುವುದಿಲ್ಲ ಎಂದು ನನಗೆ ಖಾತ್ರಿಯಾಯಿತು.

ಗುರುಬಸವ್ವ ಕದಲಲಿಲ್ಲ. "ಬೈಯೂದಿದ್ರ ಬೈರಿ. ಹದಿನಾಲ್ಕ ದಿವಸ ಬಲಗೈಯಾಗ ಚೆಂಡ ಹಿಡದು ಎಡಗೈಲೆ ಕಾನಸು ಹಾಕ್ಯಾರ. ಡಾಕ್ಟರು ರಬ್ಬರ ಚೆಂಡ ಒತ್ತರಿ ಅಂದ್ರ ಒಂದ ದಿನಾ ಒತ್ತಲಿಲ್ಲ ಈ ಮನಶಾ."

ಕೃಷ್ಣಾಜಿ ಸೋಮಪ್ಪನ ಬಲಗೈಯನ್ನು ನೋಡಿದರು. ಆಮೇಲೆ ಹುಲ್ಲಿನ ಮೇಲೆ ಚಪ್ಪಟೆಯಾಗಿ ಬಿದ್ದಿದ್ದ ನಿಂಬೆಹಣ್ಣನ್ನು. ಗೆರೆ ಹಾಕುವ ಸುಣ್ಣದ ಬಕೆಟ್ಟು ತಂದು ಚೆಂಡನ್ನು ಅದರಲ್ಲಿ ಅದ್ದಿ ತೆಗೆದರು.

"ಗುರಿ ಚೆಂಡು ಮಾತ್ರ ಜಗ್ಗಬಾರದ್ರಿ. ಆಟದಾಗ ಮೊದಲ ಅದನ್ನ ಉರುಳಿಸಬೇಕು. ನೀವ ಉರುಳಸ್ರಿ."

"ಸಮಾಧಾನಕ್ಕ ಹೇಳತೀರೇನ್ರಿ?"

"ಸಮಾಧಾನಾನೂ ಅದ, ಖರೇನೂ ಅದ."

ಸೋಮಪ್ಪ ಎಡಗೈಯಲ್ಲಿ ಚೆಂಡು ತೆಗೆದುಕೊಂಡರು. ನಂತರ ಅದನ್ನು ಬಲಗೈಗೆ ದಾಟಿಸಿದರು. ಉರುಳಿಸುವ ಮೊದಲೇ ಅದು ಬೆರಳುಗಳಿಂದ ಜಾರಿ, ಹತ್ತು ಹೆಜ್ಜೆ ಹೋಗಿ ನಿಂತಿತು.

"ಎಡಗೈಲೆ ಮತ್ತೊಮ್ಮೆ ಹಾಕಲೇನ್ರಿ?"

"ಏ, ಬ್ಯಾಡ್ರಿ ಅಣ್ಣಾ! ಇಷ್ಟ ಹತ್ರ ಇದ್ರ ನಾನೂ ಗೆಲ್ಲತೇನಿ," ಎಂದ ಕಲ್ಮೇಶ, ಕೊಡತಿ ಬದಿಗಿಟ್ಟು ಬರುತ್ತ.

"ನಮ್ಮ ಕ್ಲಬ್ಬಿನ ನೇಮದಾಗ ಎರಡನೇ ಸಲ ಇಲ್ಲ," ಅಂದರು ಕೃಷ್ಣಾಜಿ. "ಎಲ್ಲಿ ನಿಂತತೋ ಅಲ್ಲೇ ಗುರಿ."

ಸೋಮಪ್ಪ ಬಿಳಿಯಾದ ಅಂಗೈಯನ್ನು ಧೋತರಕ್ಕೆ ಒರೆಸಿಕೊಂಡರು. ಉಳಿದ ಏಳರಲ್ಲಿ ಒಂದನ್ನು ಎತ್ತಿ, ಎಡಗೈಯಲ್ಲಿ ತೂಗಿ ನೋಡಿ, ನನ್ನ ಕಡೆ ತಿರುಗಿದರು.

"ಮಾಸ್ತರ, ಇದು ಯಾವ ಮಗ್ಗಲಾ ಜಗ್ಗತೈತಿ? ಈ ಸಲ ಮೊದಲ ಹೇಳ್ರಿ."