ಪಿನ್ನು ಕಚ್ಚಿದ ಬಾಯಿ

ಸೋದರಮಾವ ಕೋಣೆಯ ಬಾಗಿಲಿನ ಹೊರಮೈಯನ್ನು ಮೇಲಿಂದ ಕೆಳಗೆ ಸವರಿದರು. ಚಿಲಕ ಇರಬೇಕಾದಲ್ಲಿ ಸ್ಕ್ರೂ ಕಿತ್ತ ತೂತುಗಳಷ್ಟೇ ಬೆರಳಿಗೆ ಸಿಕ್ಕವು.

"ಚಿಲಕ ಎಲ್ಲೇ?"

"ಅಮ್ಮ ಬಿಚ್ಚಿಸಿ ಎಷ್ಟೋ ವರ್ಷ ಆಯ್ತು ಮಾವ," ಎಂದಳು ಮಗಳು.

ಒಳಗೆ ಅವಳ ತಮ್ಮ ಗೋಡೆಗೆ ಮುಖ ಮಾಡಿ, ಎರಡೂ ಕಿವಿ ಮುಚ್ಚಿಕೊಂಡು ಮಂಚದ ಮೇಲೆ ಕೂತಿದ್ದ. ತಲೆ ನರೆತಿದ್ದರೂ ಮನೆಯವರಿಗೆಲ್ಲ ಅವನು ಚಿಕ್ಕವನೇ. ಬೀದಿಗೆ ತೆರೆದುಕೊಂಡ ಹೊಲಿಗೆ ಅಂಗಡಿಯಲ್ಲಿ, ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಅಮ್ಮನನ್ನು ಮಲಗಿಸಿದ್ದರು. ಜೀವಮಾನವೆಲ್ಲ ಬೇರೆಯವರ ಬಟ್ಟೆಗಳನ್ನು ಬಿಗಿ ಮಾಡುತ್ತ, ಸಡಿಲಿಸುತ್ತ ಬದುಕಿದವಳು. ಅಂಗಡಿಯ ಬಾಗಿಲೆದುರು ಶವದ ವ್ಯಾನು ಎಂಜಿನ್ ಆರಿಸದೆ ನಿಂತಿತ್ತು.

ಮಾವನ ಲೆಕ್ಕಾಚಾರ ಸರಳವಾಗಿತ್ತು. ಚಿಕ್ಕವನಿಗೆ ಒಂದು ಮಾತ್ರೆ ಹೆಚ್ಚಿಗೆ ಕೊಡುವುದು, ಎಲ್ಲ ಮುಗಿಯುವ ತನಕ ಬಾಗಿಲು ಹಾಕಿಡುವುದು, ನಾಳೆ ಸರ್ಕಾರಿ ಮಾನಸಿಕ ಆಸ್ಪತ್ರೆಗೆ ಸೇರಿಸುವುದು. ಹೆಣ ನೋಡಿ ಅವನು ಕೆರಳಿದರೆ ಹಿಡಿಯುವವರು ಯಾರು ಎಂಬುದು ಅವರ ಪ್ರಶ್ನೆ. ಅಪ್ಪ ಸತ್ತ ದಿನವೂ ಹೀಗೇ ಮಾಡಿದ್ದರು, ಆಗ ಚಿಲಕವಿತ್ತು. ಆಮೇಲೆ ಬಹಳ ಕಾಲ ಚಿಕ್ಕವನು ಊಟದ ಹೊತ್ತಿಗೆ ಅಪ್ಪನ ತಟ್ಟೆಯನ್ನೂ ಇಟ್ಟು ಕಾಯುತ್ತಿದ್ದ. ಅಪ್ಪ ಮನೆಯಿಂದ ಹೋದದ್ದನ್ನು ಅವನು ನೋಡಿರಲಿಲ್ಲ.

* * *

ಅದೇ ಆಸ್ಪತ್ರೆಯಲ್ಲಿ ಒಂದು ಕಾಲಕ್ಕೆ ರೋಗಿ, ಮನೆಯವರು, ಡಾಕ್ಟರು ಎಲ್ಲ ಸುತ್ತ ಕೂತು ಮಾತಾಡುವ ಏರ್ಪಾಡು ಶುರುವಾಗಿತ್ತು. ಯಾರ ವಿಷಯವೋ ಅವರೇ ಮೊದಲು ಮಾತಾಡಬೇಕು ಎಂಬುದು ಅಲ್ಲಿನ ನಿಯಮ. ಮೊದಲ ದಿನ ಚಿಕ್ಕವನನ್ನು ನಿದ್ದೆ ಬಂತೇ ಎಂದು ಕೇಳಿದರೆ ಅಮ್ಮ ಉತ್ತರಿಸಿದಳು. ಹಸಿವೆಯ ಬಗ್ಗೆ ಕೇಳಿದರೂ ಅವಳೇ.

ಡಾಕ್ಟರು ನಕ್ಕರು. "ಅಮ್ಮಾ, ನಿಮ್ಮ ಮಗ ಮಾತಾಡೋದು ಯಾವಾಗ?"

ಮುಂದಿನ ವಾರ ಅಮ್ಮ ಅಂಗಡಿಯಿಂದ ಗುಂಡುಪಿನ್ನು ತಂದಳು. ಬಟ್ಟೆಗೆ ಗುರುತು ಹಾಕುವಾಗಿನಂತೆ ತುಟಿಗಳ ನಡುವೆ ಕಚ್ಚಿಕೊಂಡು ಕೂತಳು. ಬಾಯಿ ತೆರೆದರೆ ಪಿನ್ನು ಬೀಳುತ್ತದೆ. ಎಲ್ಲರೂ ಕಾದರು. ಯಾರೋ ಕೆಮ್ಮಿದರು, ಕಾರಿಡಾರಿನಲ್ಲಿ ಟ್ರಾಲಿ ಹೋಯಿತು, ಮತ್ತೂ ಕಾದರು.

"ಫ್ಯಾನು ಶಬ್ದ ಮಾಡ್ತಿದೆ," ಎಂದ ಚಿಕ್ಕವನು.

ತಿಂಗಳುಗಟ್ಟಲೆ ಬಾಯಿ ಬಿಡದಿದ್ದವನು. ಡಾಕ್ಟರೇ ಎದ್ದು ಫ್ಯಾನು ಆರಿಸಿದರು. ಅವತ್ತು ಮನೆಗೆ ಬರುವಾಗ ಅಮ್ಮ ಬಡಗಿಯನ್ನು ಕರೆದುಕೊಂಡೇ ಬಂದಳು.

ಆಮೇಲೆ ಡಾಕ್ಟರಿಗೆ ವರ್ಗವಾಯಿತು, ಅನುದಾನ ನಿಂತಿತು, ಆ ಕೋಣೆಗೆ ಮುರಿದ ಮಂಚಗಳು ಬಂದವು. ಹಾಗಾದರೆ ನಮ್ಮಲ್ಲೇ ಕೂರೋಣ ಎಂದಳು ಅಮ್ಮ. ವಾರವಾರ ಕತ್ತರಿಸುವ ಮೇಜಿನ ಸುತ್ತ ಸ್ಟೂಲು ಹಾಕಿ, ಪಿನ್ನು ಕಚ್ಚಿ ಕೂರುತ್ತಿದ್ದಳು. ಆಸ್ಪತ್ರೆಯ ನರ್ಸು ಪಾಳಿ ಮುಗಿಸಿ ಬರುತ್ತಿದ್ದಳು. ಬೇಕರಿಯವನು ಹೆಂಡತಿಯ ಜೊತೆ ಬರುತ್ತಿದ್ದ. ಮಗಳು ಒಮ್ಮೆ ಬಂದವಳು, ಸುಮ್ಮನೆ ಕೂರುವುದಕ್ಕೆ ಇಷ್ಟು ಜನ ಬೇಕೇ ಎಂದು ಕೇಳಿ ಹೋಗಿದ್ದಳು.

* * *

ಇವತ್ತೂ ನರ್ಸು, ಬೇಕರಿಯ ದಂಪತಿ ಬಂದು, ರೂಢಿಯಂತೆ ಸ್ಟೂಲುಗಳನ್ನು ಮೇಜಿನ ಸುತ್ತ ಎಳೆದುಕೊಂಡರು. ಮೇಜಿನ ಮೇಲೆ ಅಮ್ಮ ಇದ್ದಳು.

ಮಾವನ ಯೋಜನೆ ಕೇಳಿ ನರ್ಸು, "ಅವರನ್ನ ಕೇಳಿದ್ರಾ?" ಎಂದಳು.

"ಅವನೇನು ಹೇಳ್ತಾನೆ, ಮಣ್ಣು," ಎಂದರು ಮಾವ.

ಮಗಳು ಕೋಣೆಯ ಹೊಸ್ತಿಲ ಮೇಲೆ ಕೂತಳು. "ಅಮ್ಮನ್ನ ಕರ್ಕೊಂಡು ಹೋಗ್ಬೇಕು ಕಣೋ. ನೀನೇನಂತೀಯ?"

ಅವನು ಅಲುಗಲಿಲ್ಲ. 'ನಿಂಗಾಗಲ್ಲ ಬಿಡು, ಮಲಕ್ಕೋ' ಎಂಬ ಮಾತು ಅವಳ ನಾಲಿಗೆಯ ತುದಿಗೆ ಬಂದಿತ್ತು. ಅವಳು ಎದ್ದು ಹೋಗಿ ಹೊಲಿಗೆ ಯಂತ್ರಕ್ಕೆ ಕಟ್ಟಿದ್ದ ಪಿನ್ನು ಚುಚ್ಚಿಡುವ ಪುಟ್ಟ ದಿಂಬಿನಿಂದ ಒಂದಷ್ಟು ಕಿತ್ತು, ತುಟಿಗಳ ನಡುವೆ ಇಟ್ಟುಕೊಂಡು ಬಂದು ಕೂತಳು.

"ನಿಂಗೇನಾಯ್ತೇ ಈಗ? ಗಾಡಿಯವನು ಕಾಯ್ತಿದ್ದಾನೆ. ಏನಾದ್ರೂ ಒದರು," ಎಂದರು ಮಾವ.

ಅವಳು ಬೆರಳಿನಿಂದ ತುಟಿ ತೋರಿಸಿದಳು. ಬೇಕರಿಯವನ ಹೆಂಡತಿ ಫಕ್ಕನೆ ನಕ್ಕು, ಬಾಯಿಗೆ ಕೈ ಅಡ್ಡ ಹಿಡಿದಳು. ಇನ್ನೊಂದು ಕಡೆಗೆ ಹೋಗುವುದಿದೆ ಎಂದು ಗದರಲು ಒಳಬಂದ ಡ್ರೈವರು, ಅಷ್ಟು ಜನ ಉಸಿರು ಬಿಗಿಹಿಡಿದು ಕೂತಿದ್ದನ್ನು ಕಂಡು ಟೋಪಿ ತೆಗೆದ. ಬೀದಿಯಲ್ಲಿ ನಿಂತಿದ್ದವರೂ ಒಬ್ಬೊಬ್ಬರಾಗಿ ಸುಮ್ಮನಾದರು. ಮಾವ ಏನೋ ಹೇಳಲು ಬಾಯಿ ತೆರೆದು, ಸುತ್ತ ನೋಡಿ, ಮುಚ್ಚಿದರು. ಮಗಳ ತುಟಿ ಜೋಮು ಹಿಡಿಯಿತು, ಬಾಯಲ್ಲಿ ಕಬ್ಬಿಣದ ರುಚಿ. ಇಷ್ಟು ವರ್ಷ ಅಮ್ಮ ಈ ರುಚಿಯನ್ನೇ ನುಂಗುತ್ತಿದ್ದಳು.

"ಗಾಡಿ ಶಬ್ದ ಮಾಡ್ತಿದೆ."

ಡ್ರೈವರು ಓಡಿಹೋಗಿ ಎಂಜಿನ್ ಆರಿಸಿದ.

ಚಿಕ್ಕವನು ಕಿವಿಯಿಂದ ಕೈ ತೆಗೆದ. ತಾನಾಗಿ ಎದ್ದು ಬಂದು, ಅಮ್ಮನ ಮುಖವನ್ನು ಬಹಳ ಹೊತ್ತು ನೋಡಿದ. "ತಲೆ ಕಡೆ ನಾನು ಹಿಡೀತೀನಿ," ಎಂದ.

ತಲೆಯ ಬಳಿ ನಿಂತಿದ್ದ ಮಾವ ಪಕ್ಕಕ್ಕೆ ಸರಿದು ಕಾಲಿನ ಕಡೆಗೆ ಹೋದರು.

ಅಮ್ಮನನ್ನು ವ್ಯಾನಿಗೆ ಏರಿಸಿದರು. ಚಿಕ್ಕವನು ಅವಳ ಪಕ್ಕ ಕೂತ. ಡ್ರೈವರು ಕೀಲಿಗೆ ಕೈ ಹಾಕಿದವನು, ಕನ್ನಡಿಯಲ್ಲಿ ಆ ಎರಡು ಕೈಗಳು ಮತ್ತೆ ಕಿವಿಯತ್ತ ಏಳುತ್ತಿರುವುದನ್ನು ಕಂಡ. ಕೀಲಿ ಬಿಟ್ಟು, ಗೇರನ್ನು ನ್ಯೂಟ್ರಲ್ಲಿಗೆ ತಂದು, ಹ್ಯಾಂಡ್‌ಬ್ರೇಕು ಸಡಿಲಿಸಿದ. ಬೀದಿ ಸ್ವಲ್ಪ ಇಳಿಜಾರು. ವ್ಯಾನು ಮೆಲ್ಲಗೆ ಜರುಗಿತು.

ನೆಲ ಸಮವಾದಲ್ಲಿ ಅದು ನಿಂತಾಗ ಮೊದಲು ಹಿಂದಿನಿಂದ ಕೈ ಕೊಟ್ಟವರು ಮಾವ. ಆಮೇಲೆ ಬೇಕರಿಯವನು, ಅವನ ಹೆಂಡತಿ, ನರ್ಸು, ಬೀದಿಯ ಜನ. ಚಪ್ಪಲಿಗಳ ಸಪ್ಪಳವೊಂದೇ ಕೇಳುತ್ತಿತ್ತು. ಮಗಳೂ ತಳ್ಳುತ್ತಿದ್ದಳು, ಪಿನ್ನು ಇನ್ನೂ ಬಾಯಲ್ಲೇ ಇತ್ತು.